ನಿಮ್ಮ ತಂಡದಲ್ಲಿ ಕೆಟ್ಟ ಸುದ್ದಿ ಹೇಳುವವರು ಯಾರು?

ನಮಸ್ಕಾರ. ಸಣ್ಣ ಬಿಸಿನೆಸ್ ಅಂದ ಕೂಡಲೇ ಬಂಡವಾಳ, ಮಾರ್ಕೆಟಿಂಗ್ ಅಂತ ಶುರುವಾಗುತ್ತೆ. ನನ್ನ ಪ್ರಕಾರ ಮೊದಲು ಕೇಳಬೇಕಾದದ್ದು ಬೇರೆ. ಕೆಟ್ಟ ಸುದ್ದಿ ಮಾಲೀಕರ ಕಿವಿಗೆ ಎಷ್ಟು ಬೇಗ ಬೀಳುತ್ತೆ?

ಒಂದು ಮೀಟಿಂಗ್ ಊಹಿಸಿಕೊಳ್ಳಿ. ಐದೇ ಜನ. "ಶುಕ್ರವಾರ ಮಾಲು ಕಳಿಸಿಬಿಡೋಣ, ಆಗುತ್ತಲ್ಲ?" ಅಂತ ಮಾಲೀಕರು ಕೇಳುತ್ತಾರೆ. ಪ್ಯಾಕಿಂಗ್ ಡಬ್ಬಗಳೇ ಇನ್ನೂ ಬಂದಿಲ್ಲ ಅಂತ ಸ್ಟಾಕ್ ನೋಡಿಕೊಳ್ಳುವ ಹುಡುಗನಿಗೆ ಗೊತ್ತು. ಆದರೂ ಪೆನ್ನಿನ ಕ್ಯಾಪ್ ತೆಗೆಯುತ್ತಾ ಹಾಕುತ್ತಾ "ಆಗುತ್ತೆ ಸರ್" ಅನ್ನುತ್ತಾನೆ. ದೊಡ್ಡವರಿಗೆ ಎದುರಾಡಬಾರದು ಅಂತ ಮನೆಯಲ್ಲಿ ಕಲಿತು ಬಂದವನು, ಪಾಪ.

ಡಚ್ ಸಂಶೋಧಕ ಗೇರ್ಟ್ ಹಾಫ್‌ಸ್ಟೆಡ್ ಇದನ್ನೇ ಅಳೆಯಲು ಹೊರಟಿದ್ದರು. 1967ರಿಂದ 1973ರವರೆಗೆ ಐಬಿಎಂ ಅನ್ನುವ ಕಂಪ್ಯೂಟರ್ ಕಂಪನಿಯ ಬೇರೆ ಬೇರೆ ದೇಶಗಳ ಉದ್ಯೋಗಿಗಳು ತುಂಬಿಕೊಟ್ಟ ಒಂದು ಲಕ್ಷಕ್ಕೂ ಜಾಸ್ತಿ ಪ್ರಶ್ನಾವಳಿಗಳು ಅವರ ಕೈಯಲ್ಲಿದ್ದವು. ಕಂಪನಿ ಒಂದೇ. ಆದರೆ ಮೇಲಿನವರ ಮಾತನ್ನು ಒಪ್ಪುವುದಿಲ್ಲ ಅನ್ನಲು ಇರುವ ಅಂಜಿಕೆ ದೇಶಕ್ಕೊಂದು ಥರ ಇತ್ತು. ಇಲ್ಲಿ ನನ್ನದೊಂದು ತಕರಾರಿದೆ. ಅದು ದೈತ್ಯ ಕಂಪನಿ, ಅಲ್ಲಿ ಬರೆದಿಟ್ಟ ನಿಯಮಗಳಿರುತ್ತವೆ. ಐದು ಜನರ ಬಿಸಿನೆಸ್‌ನಲ್ಲಿ ಮಾಲೀಕರ ಮುಖಭಾವವೇ ನಿಯಮ. ಸುಮ್ನೆ "ನಮ್ಮ ಜನ ಇರೋದೇ ಹೀಗೆ" ಅಂದುಬಿಡುವುದು ಸೋಮಾರಿತನ, ಅಲ್ವಾ?

ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್ಸನ್ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ತಂಡಗಳಲ್ಲೇ ಜಾಸ್ತಿ ತಪ್ಪು ದಾಖಲಾಗಿತ್ತು! ಅಲ್ಲಿನವರು ತಪ್ಪನ್ನು ಮುಚ್ಚಿಡದೆ ಹೇಳಿಕೊಳ್ಳುತ್ತಿದ್ದರು ಅನ್ನುವುದೇ ಅದಕ್ಕೆ ಅವರು ಕಂಡ ಕಾರಣ.

ಹಾಗಾದರೆ ಮರ್ಯಾದೆ ಬಿಡಬೇಕಾ? ಬೇಡ. ಪ್ರಶ್ನೆ ಬದಲಿಸಿ. "ಆಗುತ್ತಲ್ಲ?" ಅನ್ನುವ ಬದಲು "ಏನೇನು ಅಡ್ಡ ಬರಬಹುದು?" ಅಂತ ಕೇಳಿ. ಆಗ ಡಬ್ಬ ಬಂದಿಲ್ಲ ಅನ್ನುವುದು ಎದುರುತ್ತರ ಆಗಲ್ಲ, ಕೇಳಿದ್ದಕ್ಕೆ ಉತ್ತರ ಆಗುತ್ತೆ. ಕಿರಿಯರು ಮೊದಲು ಮಾತಾಡಲಿ, ಮಾಲೀಕರು ಕೊನೆಗೆ.

ಪಾಲುದಾರರ ನಡುವೆ ಇನ್ನೊಂದು ಥರದ ಮೌನ ಇರುತ್ತೆ. ಸ್ನೇಹಿತರು, ಅಣ್ಣತಮ್ಮಂದಿರು ಸೇರಿ ಶುರು ಮಾಡಿದಾಗ ದುಡ್ಡಿನ ಮಾತು ಎತ್ತುವುದೇ ಸಂಕೋಚ. "ನಮ್ಮ ನಮ್ಮಲ್ಲಿ ಲೆಕ್ಕ ಯಾಕೆ" ಅಂತ ಸಮಪಾಲು ಮಾಡಿಕೊಳ್ಳುತ್ತಾರೆ. ಆ ನಂಬಿಕೆ ದೊಡ್ಡ ಬಲ, ಸಂಬಳವಿಲ್ಲದ ತಿಂಗಳುಗಳನ್ನು ದಾಟಿಸುವುದೇ ಅದು. ಆದರೆ ಒಬ್ಬರು ಹಗಲೂ ರಾತ್ರಿ ದುಡಿದು, ಇನ್ನೊಬ್ಬರು ಬೇರೆ ಕೆಲಸಕ್ಕೆ ಸೇರಿಕೊಂಡರೆ? ಯಾರಾದರೂ ಹೊರಟರೆ ಪಾಲು ಏನಾಗುತ್ತೆ ಅಂತ ಸಂಬಂಧ ಚೆನ್ನಾಗಿರುವಾಗಲೇ ಒಂದು ಹಾಳೆಯಲ್ಲಿ ಬರೆದು, ಎಲ್ಲರೂ ಸಹಿ ಹಾಕಿ. ಹಿರಿಯ ಪಾಲುದಾರರೇ ಆ ಮಾತು ಎತ್ತಿದರೆ ಕಿರಿಯರಿಗೆ ಅರ್ಧ ಮುಜುಗರ ಕಡಿಮೆ.