ಫಿರಂಗಿ ಇಳಿಸಿ ಪೀಪಾಯಿ ಹೊತ್ತ ಹಡಗು

ಕೇಳುಗರಿಗೆ ನಮಸ್ಕಾರ.

ಇನ್ನೂರು ವರ್ಷಗಳಿಗೂ ಹಿಂದಿನ ಒಂದು ಹಾಯಿ ಹಡಗಿನ ಕತೆ ಇದು. ಹೆಸರು ರ್‍ಯಾಟ್ಲರ್. 1783ರಲ್ಲಿ ನೀರಿಗಿಳಿದ, 16 ಫಿರಂಗಿಗಳ ಸಣ್ಣ ಬ್ರಿಟಿಷ್ ಯುದ್ಧನೌಕೆ.

ಅಮೆರಿಕ ಸ್ವತಂತ್ರವಾದ ಮೇಲೆ ಅಲ್ಲಿನ ಹಡಗುಗಳು ವೆಸ್ಟ್ ಇಂಡೀಸಿನ ಬ್ರಿಟಿಷ್ ದ್ವೀಪಗಳೊಡನೆ ವ್ಯಾಪಾರ ಮಾಡುವಂತಿರಲಿಲ್ಲ. ಆ ಕಾನೂನನ್ನು ಹಟ ಹಿಡಿದು ಜಾರಿಗೆ ತಂದು, ದ್ವೀಪದ ವರ್ತಕರ ಕಣ್ಣು ಕೆಂಪಾಗಿಸಿದವನು ತರುಣ ಕ್ಯಾಪ್ಟನ್ ನೆಲ್ಸನ್, ಮುಂದೆ ಟ್ರಫಾಲ್ಗರ್ ಕದನದಿಂದ ಹೆಸರಾದ ಬ್ರಿಟಿಷ್ ನೌಕಾ ಸೇನಾನಿ. ಅವನ ಬೆನ್ನಿಗೆ ನಿಂತವನು ರ್‍ಯಾಟ್ಲರ್‌ನ ನಾಯಕ ವಿಲ್ಫ್ರೆಡ್ ಕಾಲಿಂಗ್‌ವುಡ್. 1787ರಲ್ಲಿ ವಿಲ್ಫ್ರೆಡ್ ತೀರಿಕೊಂಡಾಗ ಅವನ ಅಣ್ಣನಿಗೆ ಪತ್ರ ಬರೆದು ಸುದ್ದಿ ತಿಳಿಸಿದವನೂ ನೆಲ್ಸನ್ನನೇ.

ಅನ್ಯರ ವ್ಯಾಪಾರಕ್ಕೆ ಅಡ್ಡ ನಿಂತ ಹಡಗು ಕೊನೆಗೆ ತಾನೇ ವ್ಯಾಪಾರಕ್ಕಿಳಿಯಿತು. 1792ರಲ್ಲಿ ನೌಕಾಪಡೆ ಅದನ್ನು ಮಾರಿತು; ಲಂಡನ್ನಿನ ಎಂಡರ್ಬಿ ಸಂಸ್ಥೆ ಅದನ್ನು ತಿಮಿಂಗಿಲ ಬೇಟೆಗೆ ಸಜ್ಜುಗೊಳಿಸಿತು. ಆಗ ಒಳ್ಳೆಯ ದೀಪಕ್ಕೂ ಮೇಣದಬತ್ತಿಗೂ ಸ್ಪರ್ಮ್ ತಿಮಿಂಗಿಲದ ಎಣ್ಣೆ ಬೇಕು. ಅದರ ದೊಡ್ಡ ತಲೆಯೊಳಗೆ ಶುದ್ಧ ಎಣ್ಣೆಯ ಕೊಳವೇ ಇರುತ್ತದೆ. ತಲೆಯನ್ನು ಕೊಯ್ದು ಬಕೆಟ್ಟಿನಿಂದ ಎಣ್ಣೆ ಮೊಗೆದು ಪೀಪಾಯಿಗೆ ಸುರಿಯುತ್ತಿದ್ದರು. ತಣ್ಣಗಾದರೆ ಅದು ಬೆಳ್ಳಗೆ ಹೆಪ್ಪುಗಟ್ಟುತ್ತಿತ್ತು.

1793ರ ಜನವರಿಯಲ್ಲಿ ಜೇಮ್ಸ್ ಕೊಲ್ನೆಟ್ ನಾಯಕತ್ವದಲ್ಲಿ ಹಡಗು ಹೊರಟಿತು. ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ಸುತ್ತಿ ಪೆಸಿಫಿಕ್ ಸೇರಿ, ಬೇಟೆ ಹಡಗುಗಳಿಗೆ ತಂಗುದಾಣ ಹುಡುಕುವ ಹೊಣೆ ಅವನದು. ದಕ್ಷಿಣ ಅಮೆರಿಕದ ಪಶ್ಚಿಮಕ್ಕಿರುವ ಗಲಾಪಗಸ್ ದ್ವೀಪಗಳಲ್ಲಿ ಅದು ಅವನಿಗೆ ಸಿಕ್ಕಿತು. ಅವನು ಆ ದ್ವೀಪಗಳ ನಕಾಶೆ ಬರೆದ. ಮರಿಹಾಕಲು ತಿಮಿಂಗಿಲಗಳು ಪೆರು, ಮೆಕ್ಸಿಕೊ, ಪನಾಮಾ ತೀರಗಳಿಂದ ಇಲ್ಲಿಗೆ ಬಂದು ಸೇರುತ್ತವೆ ಎಂದೂ ಬರೆದಿಟ್ಟ. 1798ರಲ್ಲಿ ಆ ಪ್ರವಾಸ ಕಥನ ಅಚ್ಚಾಯಿತು. ಕೊಲ್ನೆಟ್ ಸಮರ್ಥ ನಾವಿಕ, ಅದರಲ್ಲಿ ಅನುಮಾನವಿಲ್ಲ. ಆದರೆ ಹೆರಿಗೆಗೆ ಬಂದ ಪ್ರಾಣಿಯ ಜಾಗವನ್ನು ಬೇಟೆಗಾರನಿಗೆ ತೋರಿಸಿಕೊಟ್ಟ ಆ ಸಾಲು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಮುಂದಿನ ದಶಕಗಳಲ್ಲಿ ಬೇಟೆ ಹಡಗುಗಳು ಸಾಲುಗಟ್ಟಿ ಬಂದವು. ಆ ದ್ವೀಪಗಳ ದೈತ್ಯ ಆಮೆಗಳು ಅನ್ನ ನೀರಿಲ್ಲದೆ ತಿಂಗಳುಗಟ್ಟಲೆ ಬದುಕುತ್ತವೆ. ಹಾಗಾಗಿ ನಾವಿಕರು ಅವುಗಳನ್ನು ಜೀವಂತವಾಗಿಯೇ ಹಡಗಿನ ಒಡಲಲ್ಲಿ ಪೇರಿಸಿ, ತಾಜಾ ಮಾಂಸ ಬೇಕಾದಾಗ ಒಂದೊಂದಾಗಿ ಕೊಯ್ಯುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ನಡುವಿನ ಹೊತ್ತಿಗೆ ಅವುಗಳಲ್ಲೊಂದಾದ ಫ್ಲೊರಿಯಾನಾ ದ್ವೀಪದಲ್ಲಿ ಒಂದು ಆಮೆಯೂ ಉಳಿದಿರಲಿಲ್ಲ.

ನಮಸ್ಕಾರ.