ಕ್ಲ್ಯಾಟ್ ತಯಾರಿ: ರ್‍ಯಾಂಕಿನ ಗುರಿ ಬಿಡ್ರಿ, ನಿಮಿಷದ ಲೆಕ್ಕ ಹಿಡೀರಿ

ನಮಸ್ಕಾರ್ರಿ. ಸೆಕೆಂಡ್ ಪಿಯು ಶುರು ಆಗೂ ಹೊತ್ತಿಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಹುಡುಗ್ರ ಬಾಯಾಗ ಒಂದ ಪ್ರಶ್ನೆ: ಕ್ಲ್ಯಾಟ್‌ನ್ಯಾಗ, ಅಂದ್ರ ಕಾನೂನು ಕೋರ್ಸಿನ ಪ್ರವೇಶ ಪರೀಕ್ಷೆಯಾಗ, ಎಷ್ಟನೇ ರ್‍ಯಾಂಕಿಗೆ ಗುರಿ ಇಟ್ಕೋಬೇಕು? ನನ್ನ ಮಾತು ಖಡಕ್ ಐತಿ. ರ್‍ಯಾಂಕಿಗೆ ಗುರಿ ಇಡಬ್ಯಾಡ್ರಿ. ಕ್ಲ್ಯಾಟ್ 2026ಕ್ಕ ಯುಜಿ (ಪದವಿ), ಪಿಜಿ (ಸ್ನಾತಕೋತ್ತರ) ಎರಡೂ ಸೇರಿ 90 ಸಾವಿರಕ್ಕಿಂತ ಹೆಚ್ಚ ಅರ್ಜಿ ಬಿದ್ದಿದ್ವು. ಅವ್ರೆಲ್ಲಾ ಆ ದಿನ ಹೆಂಗ ಬರೀತಾರ, ಪೇಪರ್ ಎಷ್ಟ ಬಿಗಿ ಬರ್ತೈತಿ, ಇದ್ಯಾವ್ದೂ ನಿಮ್ಮ ಕೈಯಾಗಿಲ್ಲ. ನಿಮಿಷಕ್ಕ ಎಷ್ಟ ಶಬ್ದ ಓದ್ತೀರಿ, ಮುಟ್ಟಿದ ಪ್ರಶ್ನೆಯೊಳಗ ಎಷ್ಟ ಸರಿ ಬರ್ತಾವ, ಇದು ನಿಮ್ಮ ಕೈಯಾಗೈತಿ. ಗುರಿ ಇಡೂದಿದ್ರ ಇದಕ್ಕ ಇಡ್ರಿ.

ಪರೀಕ್ಷೆ ನಡಸೂದು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ (ಎನ್‌ಎಲ್‌ಯು) ಕನ್ಸಾರ್ಷಿಯಂ, ಅಂದ್ರ ಒಕ್ಕೂಟ. ಈಚಿನ ವರ್ಷದಾಗ ಡಿಸೆಂಬರ್ ಮೊದಲ ರವಿವಾರ, ಮಧ್ಯಾಹ್ನ 2ರಿಂದ 4. ಪೇಪರ್, ಪೆನ್ನು, ಉತ್ತರದ ಗೋಲ ತುಂಬೂ ಓಎಂಆರ್ ಹಾಳಿ. ಮೊದಲ 150 ಪ್ರಶ್ನೆ ಇದ್ವು, ಕ್ಲ್ಯಾಟ್ 2024ರಿಂದ 120 ಆದ್ವು. ಸರಿ ಆದ್ರ 1 ಅಂಕ, ತಪ್ಪಾದ್ರ ಕಾಲು ಅಂಕ ಕಟ್. ಇಂಗ್ಲಿಷ್ 22ರಿಂದ 26 ಪ್ರಶ್ನೆ, ಪ್ರಚಲಿತ ವಿದ್ಯಮಾನ ಮತ್ತ ಸಾಮಾನ್ಯ ಜ್ಞಾನ 28ರಿಂದ 32, ಲೀಗಲ್ ರೀಸನಿಂಗ್ (ಕಾನೂನಿನ ತರ್ಕ) 28ರಿಂದ 32, ಲಾಜಿಕಲ್ ರೀಸನಿಂಗ್ (ಬರೇ ತರ್ಕ) 22ರಿಂದ 26, ಗಣಿತ 10ರಿಂದ 14. ಎಲ್ಲಾ ಇಂಗ್ಲಿಷ್‌ನ್ಯಾಗ. ಕನ್ನಡದಾಗ ಪೇಪರ್ ಇಲ್ಲ. ಇರಬೇಕಿತ್ತು ಅನ್ನೂದು ನನ್ನ ಅಭಿಪ್ರಾಯ, ಆದ್ರ ಈ ಡಿಸೆಂಬರ್‌ಗೆ ಕೂಡವ್ರಿಗೆ ಆ ವಾದದಿಂದ ಉಪಯೋಗ ಇಲ್ಲ.

ಈಗ ಲೆಕ್ಕಕ್ಕ ಬರೂಣು. 120 ನಿಮಿಷ, 120 ಪ್ರಶ್ನೆ, ಅಂದ್ರ ಒಂದಕ್ಕ ಒಂದ ನಿಮಿಷ ಅಂತ ಎಲ್ಲಾರೂ ತಿಳ್ಕೋತಾರ. ಎಡವೂದು ಅಲ್ಲೇ. ಇಲ್ಲೆ ಪ್ರಶ್ನೆ ಬಿಡಿಬಿಡಿಯಾಗಿ ಬರಂಗಿಲ್ಲ. ಸುಮಾರ 450 ಶಬ್ದದ ಒಂದ ಪ್ಯಾಸೇಜು, ಅದರ ಕೆಳಗ ಐದಾರು ಪ್ರಶ್ನೆ. ಗಣಿತದ ಪ್ಯಾಸೇಜು ಸಣ್ಣವು ಅಂತ ಹಿಡದ್ರೂ ಬರೇ ಪ್ಯಾಸೇಜು ಓದೂದ 10,000 ಶಬ್ದದ ಹತ್ರ ಆಗ್ತೈತಿ. ನಿಮಿಷಕ್ಕ 120 ಶಬ್ದ ಓದವ್ಗ ಓದಾಕ 83 ನಿಮಿಷ ಹೋಗಿ ಉಳಿಯೂದು 37. 150 ಓದವ್ಗ 53 ಉಳೀತಾವ. 200 ಓದವ್ಗ 70. ಓಎಂಆರ್ ತುಂಬಾಕ 10 ನಿಮಿಷ ಬ್ಯಾರೆ ಬೇಕು. ಕಾನೂನು ಗೊತ್ತಿಲ್ಲ, ಸಾಮಾನ್ಯ ಜ್ಞಾನ ಇಲ್ಲ ಅಂತ ಅಳೂ ಹುಡುಗ್ರ ಖರೇ ತೊಂದ್ರಿ ಭಾಳ ಸಲ ಇದ ಇರ್ತೈತಿ. ಪೇಪರ್ ಮುಗಿಯಂಗಿಲ್ಲ.

ಅದಕ್ಕ ಮೊದಲ ದಿನ ಪುಸ್ತಕ ಖರೀದಿ ಬ್ಯಾಡ, ಕೋಚಿಂಗ್ ಫೀ ಕಟ್ಟೂದೂ ಬ್ಯಾಡ. ಒಂದ ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ತಗೊಳ್ರಿ, 450 ಶಬ್ದ ಎಣಿಸಿ ಪೆನ್ಸಿಲ್ ಗೆರಿ ಹಾಕ್ರಿ, ಮೊಬೈಲ್‌ದಾಗ ಟೈಮರ್ ಹಚ್ಚಿ ಓದ್ರಿ. ಮೂರ ನಿಮಿಷ ಆತಂದ್ರ ನಿಮ್ಮ ವೇಗ 150. ಆಮ್ಯಾಲೆ ಹಾಳಿ ಮುಚ್ಚಿ, ಬರದವ ಏನ ಹೇಳಾಕತ್ಯಾನ ಅಂತ ಎರಡ ಸಾಲು ಕನ್ನಡದಾಗ ಬರೀರಿ. ಬರಿಯಾಕ ಬರಲಿಲ್ಲಂದ್ರ ಆ ವೇಗ ಲೆಕ್ಕಕ್ಕಿಲ್ಲ. ಕಣ್ಣ ಓಡಿಸಿದ್ದು ಓದಿದಂಗಲ್ಲ.

ಕನ್ನಡ ಮಾಧ್ಯಮದಿಂದ ಬಂದವ್ರು ಶುರುವಿಗೆ 110, 120ರಾಗ ಇದ್ರ ಗಾಬರಿ ಆಗಬ್ಯಾಡ್ರಿ. ಜೂನ್‌ದಿಂದ ದಿನಾ 40 ನಿಮಿಷ ಬಿಡದಂಗ ಓದಿದ್ರ ನವೆಂಬರ್‌ಗೆ 180 ಮುಟ್ಟೂದು ಆಗೂ ಮಾತು. ಎರಡ ತಿಂಗಳದಾಗ 300 ಮಾಡಿಸ್ತೀವಿ ಅನ್ನೂ ಜಾಹೀರಾತು ನಂಬಬ್ಯಾಡ್ರಿ. ಒಂದ ಉಪಾಯ ಐತಿ. ಒಂದ ಸುದ್ದಿ ಮೊದಲ ಕನ್ನಡ ಪತ್ರಿಕೆಯಾಗ ಓದ್ರಿ, ಅದೇ ಸುದ್ದಿ ಇಂಗ್ಲಿಷ್‌ನ್ಯಾಗ ಓದ್ರಿ. ವಿಷಯ ಮೊದಲ ತಲಿಯಾಗ ಕುಂತಿರೂದ್ರಿಂದ ಹೊಸ ಶಬ್ದ ಡಿಕ್ಷನರಿ ಇಲ್ಲದ ತಿಳೀತಾವ, ವೇಗ ಕಡಿಮಿ ಆಗಂಗಿಲ್ಲ. ಬಾಯಾಗ ಗುಣುಗುಣು ಅನ್ನೂ ಚಟ ಇದ್ರ ಅದು ಮೊದಲ ಬಿಡಿಸ್ರಿ, ಯಾಕಂದ್ರ ತುಟಿ ಓಡೂ ವೇಗದಾಗ ಅಷ್ಟ ಕಣ್ಣ ಓಡ್ತಾವ.

ಇನ್ನ ಲೀಗಲ್ ರೀಸನಿಂಗ್. ಇಲ್ಲೆ ಹುಡುಗ್ರು ಅಂಕ ಕಳಕೊಳ್ಳೂದು ಕಡಿಮಿ ಗೊತ್ತಿದ್ದಕ್ಕಲ್ಲ, ಹೆಚ್ಚ ಗೊತ್ತಿದ್ದಕ್ಕ. ಒಂದ ಪ್ರಶ್ನೆ ನಾನ ಕಟ್ಟಿ ತೋರಸ್ತೀನಿ. ಪ್ಯಾಸೇಜ್‌ದಾಗ 1868ರ ಇಂಗ್ಲೆಂಡಿನ ರೈಲ್ಯಾಂಡ್ಸ್ ವಿರುದ್ಧ ಫ್ಲೆಚರ್ ಕೇಸಿನ ನಿಯಮ ಕೊಟ್ಟಾರ ಅನ್ಕೊಳ್ರಿ. ತನ್ನ ಜಾಗಾದಾಗ ಅಪಾಯದ ವಸ್ತು ತಂದು ಕೂಡಿಟ್ಟವ, ಅದು ಹೊರಗ ಹೋಗಿ ಹಾನಿ ಮಾಡಿದ್ರ, ಅವನ ಅಲಕ್ಷ್ಯ ಇರದಿದ್ರೂ ಹೊಣೆ ಹೊರಬೇಕು. ಆದ್ರ ದೈವಿಕ ಆಪತ್ತು, ಹೊರಗಿನವನ ಕೃತ್ಯ, ನಷ್ಟ ಆದವನ ಸ್ವಂತ ತಪ್ಪು, ಇವಕ್ಕ ವಿನಾಯಿತಿ. ಕೆಳಗ ಪ್ರಶ್ನೆ: ಮುಧೋಳ ಕಡೆಯ ಒಂದ ಸಕ್ಕರಿ ಕಾರ್ಖಾನಿಯ ಕಾಕಂಬಿ ಟಾಕಿ ಭೂಕಂಪಕ್ಕ ಒಡದು ಪಕ್ಕದ ಹೊಲದ ಬೆಳಿ ಹಾಳಾತು. ಕಾರ್ಖಾನಿ ಪರಿಹಾರ ಕೊಡಬೇಕೋ ಬ್ಯಾಡೋ?

ನಾಲ್ಕ ವಿಡಿಯೋ ನೋಡಿ ಬಂದ ಹುಡುಗ ಥಟ್ಟನ ಹೇಳ್ತಾನ, "ಕೊಡಬೇಕ್ರಿ. ಎಂ.ಸಿ. ಮೆಹ್ತಾ ಕೇಸು, ಸಂಪೂರ್ಣ ಹೊಣೆಗಾರಿಕೆ, ವಿನಾಯಿತಿ ಇಲ್ಲ." ಅವ ಓದಿದ್ದು ಸುಳ್ಳಲ್ಲ. 1985ರಾಗ ದಿಲ್ಲಿಯ ಓಲಿಯಂ ಅನಿಲ ಸೋರಿದ ಮ್ಯಾಲೆ ಸುಪ್ರೀಂ ಕೋರ್ಟ್ 1986ರಾಗ ಹಂಗ ಹೇಳೈತಿ, ಅಪಾಯಕಾರಿ ಉದ್ಯಮ ನಡಸವ್ರಿಗೆ ಈ ವಿನಾಯಿತಿ ಸಿಗಂಗಿಲ್ಲಂತ. ಆದ್ರ ನಿಮ್ಮ ಮುಂದಿನ ಪ್ಯಾಸೇಜ್‌ದಾಗ ವಿನಾಯಿತಿ ಐತಿ, ಭೂಕಂಪ ದೈವಿಕ ಆಪತ್ತು, ಉತ್ತರ "ಬ್ಯಾಡ". ಕೇಳಿದ್ದು ದೇಶದ ಕಾನೂನಲ್ಲ, ಆ 450 ಶಬ್ದದ ಕಾನೂನು. ಇನ್ನೂ ಒಂದ ಬಲೆ ಐತಿ. ನಾಲ್ಕ ಆಯ್ಕೆಯೊಳಗ ಎರಡರಾಗ "ಬ್ಯಾಡ" ಅಂತನ ಇರ್ತೈತಿ, ಕಾರಣ ಬ್ಯಾರೆ ಬ್ಯಾರೆ. ಒಂದರಾಗ "ಕಾರ್ಖಾನಿಯ ಅಲಕ್ಷ್ಯ ಇರಲಿಲ್ಲ" ಅಂತ. ಅದು ತಪ್ಪು, ಯಾಕಂದ್ರ ಅಲಕ್ಷ್ಯ ಇಲ್ಲದಿದ್ರೂ ಹೊಣೆ ಅಂತ ಮೊದಲ ಸಾಲಿನ್ಯಾಗ ಐತಿ. ಗಡಿಬಿಡಿಯಾಗ "ಬ್ಯಾಡ" ಅಷ್ಟ ನೋಡಿ ಗೋಲ ತುಂಬಿದವ ಕಾಲ ಅಂಕ ಕೊಟ್ಟ ಬರ್ತಾನ. ಅಭ್ಯಾಸ ಮಾಡೂವಾಗ ಪ್ರತಿ ಲೀಗಲ್ ಪ್ಯಾಸೇಜಿಗೂ ಬದೀಗೆ ಪೆನ್ಸಿಲ್‌ಲೆ ಗೀಚ್ರಿ: ಯಾರು ಏನ ಮಾಡಿದ್ರ ಏನಾಗ್ತೈತಿ, ಯಾವಾಗ ಆಗಂಗಿಲ್ಲ. "ಆದರೆ", "ಹೊರತು" ಅನ್ನೂ ಅರ್ಥದ ಶಬ್ದ ಬಂದಲ್ಲೆ ಒಂದ ಗುಂಡ ಹಾಕ್ರಿ. ಅರ್ಧ ಪ್ರಶ್ನೆ ಹುಟ್ಟೂದು ಅಲ್ಲಿಂದ.

ಪ್ರಚಲಿತ ವಿದ್ಯಮಾನದ್ದು ಇದರ ಉಲ್ಟಾ. ಅಲ್ಲಿ ಪ್ಯಾಸೇಜ್ ಕೊಡ್ತಾರ, ಉತ್ತರ ಮಾತ್ರ ಭಾಳ ಸಲ ಹೊರಗಿನ ತಿಳುವಳಿಕೆಯಿಂದ ಬರಬೇಕು. ಗೊತ್ತಿಲ್ಲದ ವಿಷಯದ ಪ್ಯಾಸೇಜು ಎರಡೆರಡ ಸಲ ಓದಿ ಟೈಮ್ ಸುಡಬ್ಯಾಡ್ರಿ. ತಯಾರಿಗೆ ದೂರ ಹೋಗೂದೂ ಬೇಕಿಲ್ಲ. ಆಲಮಟ್ಟಿ ಡ್ಯಾಂ ಎತ್ತರ 519.60 ಮೀಟರ್‌ದಿಂದ 524.256ಕ್ಕ ಏರಸೂ ಜಗಳ ಮನಿಮನಿಯಾಗ ಗೊತ್ತಿದ್ದದ್ದ. ಅದರ ಹಿಂದ ಕೃಷ್ಣಾ ನ್ಯಾಯಮಂಡಳಿ ಐತಿ, ನ್ಯಾಯಮಂಡಳಿ ಹಿಂದ 1956ರ ಅಂತರರಾಜ್ಯ ನದಿ ನೀರು ವಿವಾದ ಕಾಯ್ದೆ, ಅದರ ಹಿಂದ ಸಂವಿಧಾನದ 262ನೇ ವಿಧಿ. ಮಹದಾಯಿಯಾಗ 2018ರ ತೀರ್ಪು ಕರ್ನಾಟಕಕ್ಕ 13.42 ಟಿಎಂಸಿ ಕೊಟ್ಟದ್ದೂ ಅದೇ ದಾರಿಯಾಗ. ಬೆಳಗಾವಿ ಗಡಿ ವಿಚಾರಕ್ಕ ಮಹಾರಾಷ್ಟ್ರ 2004ರಾಗ ಸುಪ್ರೀಂ ಕೋರ್ಟಿಗೆ ಹೋಗಿದ್ದು 131ನೇ ವಿಧಿಯ ಕೆಳಗ. ನೀರಿನ ಜಗಳಕ್ಕ ನ್ಯಾಯಮಂಡಳಿ, ಗಡಿ ಜಗಳಕ್ಕ ನೇರ ಸುಪ್ರೀಂ ಕೋರ್ಟ್, ಯಾಕ? ಈ ಒಂದ "ಯಾಕ" ಹಿಡಕೊಂಡು ಕುಂತ್ರ ಸಾವಿರ ಒಂದ ಸಾಲಿನ ಪ್ರಶ್ನೋತ್ತರಕ್ಕಿಂತ ಹೆಚ್ಚ ಉಳೀತೈತಿ.

ಗಣಿತ ಅಂದ್ರ ಆರ್ಟ್ಸ್ ಹುಡುಗ್ರು ಪೂರ್ತಿ ಕೈಬಿಡ್ತಾರ. ಶೇಕಡಾವಾರು, ಅನುಪಾತ, ಸರಾಸರಿ, ಲಾಭ-ನಷ್ಟ, ಎಲ್ಲಾ ಎಸ್ಸೆಸ್ಸೆಲ್ಸಿ ಮಟ್ಟದ್ದು. ದಿನಾ 20 ನಿಮಿಷ ಸಾಕು. ಹತ್ತ ಹನ್ನೆರಡರಾಗ ಏಳ ಸರಿ ಮಾಡೂ ಗುರಿ ಇಡ್ರಿ.

ಈಗ ಎಷ್ಟ ಮುಟ್ಟಬೇಕು ಅನ್ನೂ ತೀರ್ಮಾನ. ಒಬ್ಬ 110 ಪ್ರಶ್ನೆ ಮುಟ್ಟಿ 65 ಸರಿ ಮಾಡಿದ, 45 ತಪ್ಪು. ಅವನ ಅಂಕ 53.75. ಇನ್ನೊಬ್ಬಾಕಿ 85 ಮುಟ್ಟಿ 68 ಸರಿ ಮಾಡಿದಳು, 17 ತಪ್ಪು. ಆಕಿಂದು 63.75. ಸರಿ ಉತ್ತರದ ಫರಕು ಮೂರ, ಅಂಕದ ಫರಕು ಹತ್ತ. ಹಂಗಂತ ಅನುಮಾನ ಬಂದದ್ದೆಲ್ಲಾ ಬಿಡೂದೂ ಸರಿ ಅಲ್ಲ. ನಾಲ್ಕರಾಗ ಎರಡ ಆಯ್ಕೆ ಖಾತ್ರಿ ತಪ್ಪಂತ ಹೊಡದ ಹಾಕಿದ್ರ, ಅಂಥ ನಾಲ್ಕ ಪ್ರಶ್ನೆಗೆ ಸರಾಸರಿ ಎರಡ ಸರಿ, ಎರಡ ತಪ್ಪು, ಗಳಿಕೆ ಒಂದೂವರೆ ಅಂಕ. ಅಲ್ಲೆ ಗೋಲ ತುಂಬ್ರಿ. ಏನೂ ಗೊತ್ತಿಲ್ಲದ ಕಣ್ಣಮುಚ್ಚಿ ತುಂಬಿದ್ರ ನಾಲ್ಕಕ್ಕ ಕಾಲು ಅಂಕ, ಅದೂ ಅದೃಷ್ಟ ಇದ್ರ. ಆ ಟೈಮ್ ಬ್ಯಾರೆ ಪ್ಯಾಸೇಜಿಗೆ ಕೊಡ್ರಿ.

ಓಎಂಆರ್ ಗೋಲ ಕಡೀಗೆ ಒಮ್ಮೆಲೇ ತುಂಬ್ತೀನಿ ಅನ್ನವ್ರು ಪ್ರತಿ ವರ್ಷ ಸಿಕ್ಕಾಕೊಳ್ತಾರ. ಒಂದ ಪ್ರಶ್ನೆ ಬಿಟ್ಟಿರ್ತಾರ, ಅದರ ಗೋಲದಾಗ ಮುಂದಿನ ಉತ್ತರ ಬೀಳ್ತೈತಿ, ಅಲ್ಲಿಂದ ಎಲ್ಲಾ ಒಂದೊಂದ ಮನಿ ಸರೀತಾವ. ಪೆನ್ನಿನ ಗೋಲ ಅಳಸಾಕ ಬರಂಗಿಲ್ಲ. ಪ್ರತಿ ಪ್ಯಾಸೇಜ್ ಮುಗಿದ ಕೂಡಲೇ ಅದರ ಐದಾರು ತುಂಬಿ ಮುಂದ ಹೋಗ್ರಿ. ಮನ್ಯಾಗ ಮಾಕ್ (ಅಣಕು ಪರೀಕ್ಷೆ) ಬರಿಯೂವಾಗಲೂ ಓಎಂಆರ್ ಪ್ರಿಂಟ್ ತಗಸ್ರಿ, ಝೆರಾಕ್ಸ್ ಅಂಗಡಿಯಾಗ ಎರಡ ರೂಪಾಯಿ ಹೋಗಬಹುದು.

ಮಾಕ್ ಎಷ್ಟ ಅಂದ್ರ: ಆಗಸ್ಟ್ ತನಕ ತಿಂಗಳಿಗೆ ಒಂದು, ಸೆಪ್ಟೆಂಬರ್, ಅಕ್ಟೋಬರ್‌ದಾಗ ವಾರಕ್ಕ ಒಂದು, ನವೆಂಬರ್‌ದಾಗ ವಾರಕ್ಕ ಎರಡು. ಅದೂ ಮಧ್ಯಾಹ್ನ 2ಕ್ಕ ಕುಂತು, ಯಾಕಂದ್ರ ಊಟ ಆದ ಮ್ಯಾಲೆ ತಲಿ ಓಡೂದು ಬ್ಯಾರೆ. ದಿನಾ ಒಂದ ಮಾಕ್ ಬರಿಯೂದು ಶ್ರಮ ಅಲ್ಲ, ಚಟ. ಎರಡ ತಾಸಿನ ಮಾಕಿಗೆ ಮೂರ ತಾಸ ತಪ್ಪ ಹುಡುಕೂ ಕೆಲಸ ಐತಿ. ಪ್ರತಿ ತಪ್ಪಿನ ಮುಂದ ಕಾರಣ ಬರೀರಿ: ಓದೂದ್ರಾಗ ತಪ್ಪಿತೋ, ಗೊತ್ತಿರಲಿಲ್ಲೋ, ಟೈಮ್ ಇರಲಿಲ್ಲೋ, ಊಹೆ ಹೊಡದ್ರೋ. ಗುರಿ ಏರಸೂದು ಹಿಂದಿನ ಮೂರ ಮಾಕಿನ ಸರಾಸರಿ ನೋಡಿ, ಅದಕ್ಕ ಐದ ಅಂಕ ಕೂಡಿಸಿ. 48 ಬರವ್ರು 53ಕ್ಕ ನೋಡ್ರಿ, 90ಕ್ಕಲ್ಲ.

ಪಿಯು ಬಿಟ್ಟು ಇದಕ್ಕ ಬೀಳಬ್ಯಾಡ್ರಿ. ಕ್ಲ್ಯಾಟ್ ಡಿಸೆಂಬರ್‌ದಾಗ ಮುಗೀತೈತಿ, ಪಿಯು ವಾರ್ಷಿಕ ಪರೀಕ್ಷೆಗೆ ಆಮ್ಯಾಲೂ ಎರಡ ಮೂರ ತಿಂಗಳ ಸಿಗ್ತಾವ. ಆದ್ರ ಬರೇ ಪಾಸಾದ್ರ ನಡಿಯಂಗಿಲ್ಲ, ಸಾಮಾನ್ಯ ವರ್ಗಕ್ಕ ಶೇ. 45, ಎಸ್‌ಸಿ, ಎಸ್‌ಟಿಗೆ ಶೇ. 40 ಬೇಕು.

ಇನ್ನ ತಾಯಿ-ತಂದಿ ಕೇಳಬೇಕಾದ ಮಾತು. ಕ್ಲ್ಯಾಟ್ 2026ಕ್ಕ ಅರ್ಜಿ ಫೀ ಸಾಮಾನ್ಯ ವರ್ಗಕ್ಕ 4,000, ಎಸ್‌ಸಿ, ಎಸ್‌ಟಿ, ಬಿಪಿಎಲ್‌ದವ್ರಿಗೆ 3,500 ಇತ್ತು. ಅದು ಸಣ್ಣದು. ಸೀಟ್ ಸಿಕ್ಕ ಮ್ಯಾಲೆ ಹಾಸ್ಟೆಲ್ ಸೇರಿ ವರ್ಷಕ್ಕ ಎರಡ ಮೂರ ಲಕ್ಷ, ಕೆಲವು ಕಡೆ ಅದಕ್ಕಿಂತ ಹೆಚ್ಚ, ಐದ ವರ್ಷ. ಕೌನ್ಸೆಲಿಂಗ್‌ಗೆ ಹೆಸರ ಹಚ್ಚೂವಾಗನ ಹತ್ತಾರು ಸಾವಿರ ಕಟ್ಟಬೇಕು. ಈ ರೊಕ್ಕದ ಮಾತು ಜೂನ್‌ದಾಗ ಕುಂತ ಆಡ್ರಿ, ರಿಸಲ್ಟ್ ಬಂದ ಮ್ಯಾಲಲ್ಲ.

"ಎನ್‌ಎಲ್‌ಯು ಸಿಗಲಿಲ್ಲಂದ್ರ ಲಾ ಬ್ಯಾಡ" ಅನ್ನೂ ಹಠಕ್ಕ ನಾ ಒಪ್ಪಂಗಿಲ್ಲ. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕೆಳಗಿನ ಕಾಲೇಜಿನ್ಯಾಗ ಐದ ವರ್ಷದ ಕೋರ್ಸಿಗೆ ಪಿಯು ಅಂಕದ ಮ್ಯಾಲೆ ಸೀಟ್ ಸಿಗ್ತೈತಿ. ಬೆಳಗಾವಿಯಾಗ ರಾಜಾ ಲಖಮಗೌಡ ಕಾಲೇಜು, ಕೆಎಲ್‌ಇದ ಬೆಲ್ಲದ ಕಾಲೇಜು, ಬಾಗಲಕೋಟೆಯಾಗ ನಂದಿಮಠ ಕಾಲೇಜು, ವಿಜಯಪುರದಾಗ ಅಂಜುಮನ್ ಕಾಲೇಜು ಅದಾವು. ಲಖಮಗೌಡ ಕಾಲೇಜು 1939ರದ್ದು, 1989ರಾಗ ದೇಶದ ಮುಖ್ಯ ನ್ಯಾಯಮೂರ್ತಿ ಆದ ಇ.ಎಸ್. ವೆಂಕಟರಾಮಯ್ಯನವ್ರು ಪುಣೆ ಜೊತಿಗೆ ಇಲ್ಲೂ ಓದ್ಯಾರ. ಸನದು (ವಕೀಲಿ ಪರವಾನಗಿ) ಕೊಡೂ ವಕೀಲರ ಪರಿಷತ್ತು ಎಲ್ಲಾರಿಗೂ ಒಂದ, ಆಮ್ಯಾಲಿನ ಅಖಿಲ ಭಾರತ ಬಾರ್ ಪರೀಕ್ಷೆನೂ ಒಂದ. ಧಾರವಾಡ ಹೈಕೋರ್ಟ್ ಪೀಠದಾಗೋ, ವಿಜಯಪುರದವ್ರು ಕಲಬುರಗಿ ಪೀಠದಾಗೋ ವಕೀಲಿ ಮಾಡೂ ಆಸೆ ಇದ್ರ, ಊರಿನ ಕಾಲೇಜಿನ ನಂಟು ಭಾಳ ಉಪಯೋಗಕ್ಕ ಬರ್ತೈತಿ. ದೊಡ್ಡ ಕಂಪನಿಗಳ ಲಾ ಫರ್ಮ್ ಕೆಲಸ ಬೇಕಂದ್ರ ಮಾತ್ರ ಮ್ಯಾಲಿನ ಎನ್‌ಎಲ್‌ಯುಗಳ ಅನುಕೂಲ ದೊಡ್ಡದು. ಅದನ್ನ ಮುಚ್ಚಿಡೂದೂ ತಪ್ಪು.

ಗಡಿ ಕಡೆಯವ್ರಿಗೆ ಒಂದ ಕಡೀ ವಿಷಯ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್‌ನ್ಯಾಗ ಶೇ. 25 ಸೀಟು ಕರ್ನಾಟಕದ ವಿದ್ಯಾರ್ಥಿಗಳಿಗೆ ಮೀಸಲು, ಆದ್ರ ರಾಜ್ಯದ ಮಾನ್ಯ ಶಾಲಿ-ಕಾಲೇಜಿನ್ಯಾಗ ಹತ್ತ ವರ್ಷಕ್ಕ ಕಡಿಮಿ ಇಲ್ಲದಂಗ ಓದಿರಬೇಕು. ನಿಪ್ಪಾಣಿ, ಅಥಣಿ, ಚಿಕ್ಕೋಡಿ ಕಡೆ ಮಕ್ಕಳು ಕೆಲವು ವರ್ಷ ಮಿರಜ, ಸಾಂಗ್ಲಿ, ಇಚಲಕರಂಜಿಯಾಗ ಓದಿರ್ತಾರ. ರೇಷನ್ ಕಾರ್ಡ್ ಇಲ್ಲಿದ್ದಂತ ಹೇಳಿದ್ರ ಈ ಕೋಟಾ ಸಿಗಂಗಿಲ್ಲ, ವರ್ಷ ಎಣಸ್ತಾರ. ಈಗ ಒಂದ ಹಾಳಿ ತಗೊಂಡು ಒಂದನೇ ಇಯತ್ತೆಯಿಂದ ಯಾವ ವರ್ಷ ಯಾವ ಶಾಲಿ ಅಂತ ಬರೀರಿ, ಹತ್ತ ತುಂಬಿದ್ರ ಪ್ರತಿ ಶಾಲಿಯಿಂದ ವ್ಯಾಸಂಗ ಪ್ರಮಾಣಪತ್ರ ಇದೇ ದಸರಾ ಸೂಟಿಯೊಳಗ ತಂದಿಟ್ಕೊಳ್ರಿ. ಕೌನ್ಸೆಲಿಂಗ್ ಶುರು ಆದ ಮ್ಯಾಲೆ ಕೊಡೂ ಟೈಮ್ ದಿನಗಳ ಲೆಕ್ಕದಾಗ ಇರ್ತೈತಿ, ಹಳೇ ಶಾಲಿಯ ಹೆಡ್‌ಮಾಸ್ತರ್ರು ಆ ವಾರನ ರಜಾದ ಮ್ಯಾಲೆ ಇರ್ತಾರ.