ಬಾಸ್‌ನ ಮೈಮೇಲಿನ ಲೆಕ್ಕ: ಕ್ರಿಟ್ ಮಿತಿಯೂ ಡಿಬಫ್‌ಗಳೂ

ಗೆಳೆಯರೇ, ನಮಸ್ಕಾರ.

ಆನ್‌ಲೈನ್ ಆಟಗಳ ಬಗ್ಗೆ ಮಾತನಾಡಲು ವೇದಿಕೆ ಹತ್ತಿದವರು ಸಾಮಾನ್ಯವಾಗಿ ಚಟದ ಬಗ್ಗೆಯೋ ಕಣ್ಣಿನ ಆರೋಗ್ಯದ ಬಗ್ಗೆಯೋ ಎಚ್ಚರಿಕೆ ಹೇಳಿ ಇಳಿಯುತ್ತಾರೆ. ನಾನು ಇವತ್ತು ಒಂದು ಕೂಡುವ ಲೆಕ್ಕ ಮಾಡಿ ಇಳಿಯುತ್ತೇನೆ. ಆಡುವವರಿಗೆ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ಆಡದವರಿಗೆ, ನಿಮ್ಮ ಮನೆಯ ಹುಡುಗರು ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಯಾವುದರ ಬಗ್ಗೆ ಅಷ್ಟೊಂದು ಜಗಳವಾಡುತ್ತಾರೆ ಎಂಬುದಾದರೂ ತಿಳಿದೀತು.

ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್ ಎಂಬ ಆಟವನ್ನು ತೆಗೆದುಕೊಳ್ಳೋಣ. ಅದರಲ್ಲಿ ಹೊಸಬರು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ: "ನನ್ನ ಕ್ಯಾರೆಕ್ಟರ್ ಶೀಟ್‌ನಲ್ಲಿ, ಅಂದರೆ ನನ್ನ ಪಾತ್ರದ ಅಂಕಿಪಟ್ಟಿಯಲ್ಲಿ, ಕ್ರಿಟಿಕಲ್ ಡ್ಯಾಮೇಜ್ ಶೇ 113 ಎಂದಿದೆ. ಮಿತಿ ಶೇ 125. ಉಳಿದ 12ನ್ನು ಯಾವುದರಿಂದ ತುಂಬಲಿ?" ಹನ್ನೆರಡು ಜನರ ತಂಡದಲ್ಲಿ ಟ್ರಯಲ್‌ಗೆ, ಅಂದರೆ ಬಾಸ್ ಎಂಬ ದೊಡ್ಡ ಶತ್ರುಗಳನ್ನು ಸೇರಿ ಸೋಲಿಸುವ ಸವಾಲಿಗೆ, ಹೋಗುವವರಿಗೆ ನನ್ನ ಉತ್ತರ: ತುಂಬಬೇಡಿ, ಸಾಧ್ಯವಾದರೆ ಇರುವುದರಲ್ಲೇ ಸ್ವಲ್ಪ ತೆಗೆಯಿರಿ. ಯಾಕೆ ಎಂದು ಹೇಳುವುದೇ ಈ ಉಪನ್ಯಾಸ.

ಕೆಲವು ಹೊಡೆತಗಳು ಅದೃಷ್ಟದಿಂದ ಮಾಮೂಲಿಗಿಂತ ಜೋರಾಗಿ ಬೀಳುತ್ತವೆ, ಅವೇ ಕ್ರಿಟಿಕಲ್, ಚಿಕ್ಕದಾಗಿ ಕ್ರಿಟ್. ಎರಡು ಸಂಗತಿಗಳನ್ನು ಮೊದಲು ಬಿಡಿಸಿ ಇಡೋಣ. ಹೊಡೆತ ಕ್ರಿಟಿಕಲ್ ಆಗುವ ಸಾಧ್ಯತೆ ಒಂದು, ಕ್ರಿಟಿಕಲ್ ಆದಾಗ ಅದು ಎಷ್ಟು ಹಿಗ್ಗುತ್ತದೆ ಎಂಬುದು ಇನ್ನೊಂದು. 10,000ದ ಒಂದು ಹೊಡೆತ ಇದೆ ಎನ್ನಿ. ಕ್ರಿಟ್ ಡ್ಯಾಮೇಜ್ ಶೇ 50 ಇದ್ದರೆ ಅದು 15,000 ಆಗುತ್ತದೆ. ಶೇ 125 ಇದ್ದರೆ 22,500. ಹತ್ತರಲ್ಲಿ ಆರು ಹೊಡೆತ ಕ್ರಿಟ್ ಆಗುವ ಆಟಗಾರನಿಗೆ ಸರಾಸರಿ ಹೊಡೆತ ಮೊದಲನೆಯ ಸ್ಥಿತಿಯಲ್ಲಿ 13,000, ಎರಡನೆಯದರಲ್ಲಿ 17,500. ಒಂದನ್ನೊಂದು ಗುಣಿಸುವ ಈ ಎರಡು ಅಂಕಿಗಳನ್ನು ಬೆಳೆಯಲು ಬಿಟ್ಟರೆ ಬಾಸ್‌ಗಳು ಮಾತು ಮುಗಿಸುವ ಮೊದಲೇ ಸಾಯುತ್ತವೆ. 2014ರಲ್ಲಿ ಬಂದ ಆಟ ಹಲವು ವರ್ಷ ಮಿತಿಯಿಲ್ಲದೆ ನಡೆದು, ಆಮೇಲೆ ಕ್ರಿಟ್ ಡ್ಯಾಮೇಜ್‌ಗೆ ಶೇ 125ರ ಬೇಲಿ ಹಾಕಿಕೊಂಡದ್ದು ಈ ಕಾರಣಕ್ಕೆ. ಆ ನಿರ್ಧಾರದ ಬಗ್ಗೆ ನನಗೆ ತಕರಾರಿಲ್ಲ. ಅದನ್ನು ಆಟ ತೋರಿಸುವ ರೀತಿಯ ಬಗ್ಗೆ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಈಗ 113 ಹೇಗೆ ಬಂತು ನೋಡೋಣ. ಎಲ್ಲರಿಗೂ ಹುಟ್ಟಿನಿಂದ ಬರುವುದು 50. ಖಜೀಟ್ ಕುಲದವರಿಗೆ 12 ಸೇರುತ್ತದೆ, 62. ನೈಟ್‌ಬ್ಲೇಡ್ ಎಂಬ ವರ್ಗದವರಾದರೆ 10, ಅಂದರೆ 72. ಆಡುತ್ತಾ ಗಳಿಸುವ ಚಾಂಪಿಯನ್ ಪಾಯಿಂಟ್‌ಗಳಿಂದ ಪಡೆಯುವ ಫೈಟಿಂಗ್ ಫಿನೆಸ್ ಎಂಬ ಗುಣದಿಂದ 8, ಒಟ್ಟು 80. ಮುಟ್ಟಿದವರಿಗೆ ವರ ಕೊಡುವ ಮಂಡಸ್ ಕಲ್ಲುಗಳಲ್ಲಿ ಶ್ಯಾಡೋ ಎಂಬುದನ್ನು ಮುಟ್ಟಿದರೆ 11, 91. ಮೀಡಿಯಂ ಆರ್ಮರ್ ತುಂಡಿಗೆ 2ರಂತೆ ಆರು ತುಂಡು ತೊಟ್ಟರೆ 12, 103. ಮೈನರ್ ಫೋರ್ಸ್ ಎಂಬ ಬಫ್‌ನಿಂದ, ಅಂದರೆ ಆಟಗಾರನ ಬಲ ಹೆಚ್ಚಿಸುವ ಪರಿಣಾಮದಿಂದ, 10. ಅಲ್ಲಿಗೆ 113. ಅಪ್‌ಡೇಟ್ ಬಂದಂತೆಲ್ಲ ಈ ಅಂಕಿಗಳು ಅಷ್ಟಿಷ್ಟು ಅಲುಗಾಡುತ್ತವೆ, ಲೆಕ್ಕದ ರೀತಿ ಬದಲಾಗುವುದಿಲ್ಲ.

ಇಲ್ಲಿಯವರೆಗಿನದು ಆಟಗಾರನ ಮೈಮೇಲಿರುವುದು, ಹಾಗಾಗಿ ಶೀಟ್‌ನಲ್ಲಿ ಕಾಣುತ್ತದೆ. ಇನ್ನು ಬಾಸ್‌ನ ಮೈಮೇಲಿರುವುದನ್ನು ನೋಡಿ. ಐಸ್ ಸ್ಟಾಫ್ ಎಂಬ ಹಿಮದ ದಂಡ ಹಿಡಿದ ಟ್ಯಾಂಕ್ (ಪೆಟ್ಟನ್ನು ತಾನು ತಡೆದುಕೊಳ್ಳುವವರು) ಅಥವಾ ಹೀಲರ್ (ಗಾಯ ವಾಸಿಮಾಡುವವರು) ಶತ್ರುವನ್ನು ಚಳಿಗೆ ನಡುಗಿಸಿದಾಗ ಮೈನರ್ ಬ್ರಿಟಲ್ ಎಂಬ ಡಿಬಫ್, ಅಂದರೆ ಶತ್ರುವನ್ನು ದುರ್ಬಲಗೊಳಿಸುವ ಪರಿಣಾಮ, ಕೂರುತ್ತದೆ. ಅದು ಕೂತ ಬಾಸ್‌ಗೆ ಯಾರೇ ಹೊಡೆದರೂ ಕ್ರಿಟ್ ಡ್ಯಾಮೇಜ್ 10 ಹೆಚ್ಚು. ತಂಡದಲ್ಲಿ ಒಬ್ಬರು ಎಲಿಮೆಂಟಲ್ ಕ್ಯಾಟಲಿಸ್ಟ್ ಎಂಬ ಉಡುಪಿನ ಸೆಟ್ ತೊಟ್ಟು ಬೆಂಕಿ, ಮಿಂಚು, ಹಿಮ ಮೂರರಿಂದಲೂ ಹೊಡೆಯುತ್ತಿದ್ದರೆ ಒಂದೊಂದಕ್ಕೆ 5ರಂತೆ ಇನ್ನೂ 15. ಈಗ 113 ಹೋಗಿ 138 ಆಯಿತು. ಬೆನ್ನ ಹಿಂದೆ ನಿಂತು ಹೊಡೆಯುವವರಿಗೆ ಬ್ಯಾಕ್‌ಸ್ಟ್ಯಾಬರ್ ಎಂಬ ಚಾಂಪಿಯನ್ ಪಾಯಿಂಟ್ ಗುಣ ಕೊಡುವ 10ನ್ನೂ ಹಾಕಿಕೊಂಡರೆ 148. ಯಾರಾದರೂ ಅಗ್ರೆಸಿವ್ ಹಾರ್ನ್ ಊದಿ ಮೇಜರ್ ಫೋರ್ಸ್ ಕೊಟ್ಟರೆ 20 ಸೇರಿ 168.

ಆಟ ಲೆಕ್ಕಕ್ಕೆ ತೆಗೆದುಕೊಳ್ಳುವುದು 125 ಮಾತ್ರ. ಮಿಕ್ಕ 43 ಕೆರೆ ಕೋಡಿ ಬಿದ್ದ ನೀರು. ಯಾವ ಹಳ್ಳದಿಂದ ಬಂದ ನೀರು ಕೋಡಿಯಲ್ಲಿ ಹೋಯಿತು ಎಂದು ಕೇಳಿ ಪ್ರಯೋಜನವಿಲ್ಲ. ಯಾವ ಹಳ್ಳವನ್ನು ಬೇರೆ ಕಡೆಗೆ ತಿರುಗಿಸಬಹುದು ಎಂದು ಕೇಳಬೇಕು. ಬಾಸ್‌ನ ಮೈಮೇಲಿನ ಬ್ರಿಟಲ್ ತಂಡದ ಎಲ್ಲರಿಗೂ ಸಿಗುತ್ತದೆ, ಅದನ್ನು ನೀವೊಬ್ಬರೇ ಬೇಡವೆನ್ನಲು ಬರುವುದಿಲ್ಲ. ಖಜೀಟ್‌ನ 12 ಕುಲದೊಂದಿಗೇ ಅಂಟಿಕೊಂಡಿದೆ. ತಿರುಗಿಸಲು ಆಗುವುದು ಶ್ಯಾಡೋ ಕಲ್ಲು, ಬ್ಯಾಕ್‌ಸ್ಟ್ಯಾಬರ್, ಒಂದೆರಡು ತುಂಡು ಮೀಡಿಯಂ ಆರ್ಮರ್. ಶ್ಯಾಡೋ ಬಿಟ್ಟು ಥೀಫ್ ಕಲ್ಲನ್ನು ಮುಟ್ಟಿದರೆ ಕ್ರಿಟ್ ಆಗುವ ಸಾಧ್ಯತೆಯೇ ಏರುತ್ತದೆ, ಅದಕ್ಕೆ ಈ ಬೇಲಿ ಇಲ್ಲ.

ಆದ್ದರಿಂದ ಒಂದು ಡಿಬಫ್‌ಗೆ ಇಂತಿಷ್ಟು ಬೆಲೆ ಎಂದು ಹೇಳುವುದೇ ತಪ್ಪಾಗುತ್ತದೆ. ಕ್ರಿಟ್ ಸಾಧ್ಯತೆ ಶೇ 60 ಇರುವ ಮೂವರನ್ನು ತೆಗೆದುಕೊಳ್ಳಿ. ಮೊದಲನೆಯವರ ಕ್ರಿಟ್ ಡ್ಯಾಮೇಜ್ 100. ಬ್ರಿಟಲ್ ಬಂದಾಗ ಅವರ ಸರಾಸರಿ ಗುಣಕ 1.60ರಿಂದ 1.66ಕ್ಕೆ ಏರುತ್ತದೆ, ಲಾಭ ಶೇ 3.75. ಎರಡನೆಯವರು 120ರಲ್ಲಿದ್ದಾರೆ, ಅವರಿಗೆ ದಕ್ಕುವುದು 5 ಮಾತ್ರ, ಗುಣಕ 1.72ರಿಂದ 1.75, ಲಾಭ ಶೇ 1.74. ಮೂರನೆಯವರು ಮೊದಲೇ 125 ತುಂಬಿಸಿಕೊಂಡು ಬಂದಿದ್ದಾರೆ, ಅವರಿಗೆ ಸೊನ್ನೆ. ಅದೇ ಬಾಸ್, ಅದೇ ಬ್ರಿಟಲ್, ಅದನ್ನು ಹಾಕಿದ ಟ್ಯಾಂಕ್‌ನ ಶ್ರಮವೂ ಅದೇ. ಎಂಟು ಮಂದಿ ಡ್ಯಾಮೇಜ್ ಆಟಗಾರರು ಮೂರನೆಯವರಂತೆ ಬಂದರೆ ಆ ಟ್ಯಾಂಕ್ ಪಾಪ ಸುಮ್ಮನೆ ಐಸ್ ಸ್ಟಾಫ್ ಹೊತ್ತಂತಾಯಿತು. ಟ್ಯಾಂಕ್‌ಗಳಿಗೂ ಡ್ಯಾಮೇಜ್ ಆಟಗಾರರಿಗೂ ಆಗಾಗ ಬರುವ ಮನಸ್ತಾಪದ ಒಂದು ಮೂಲ ಇಲ್ಲಿದೆ. ಒಬ್ಬರು ಶೀಟ್ ನೋಡಿ ಮಾತನಾಡುತ್ತಾರೆ, ಇನ್ನೊಬ್ಬರು ಬಾಸ್ ನೋಡಿ.

ಇನ್ನೂ ಸೂಕ್ಷ್ಮವಾದ ಒಂದು ತೊಡಕಿದೆ, ಗಣಿತದವರಿಗೆ ಇಷ್ಟವಾಗುವಂಥದ್ದು. ಡಿಬಫ್‌ಗಳು, ಬಫ್‌ಗಳು ಸದಾ ಇರುವುದಿಲ್ಲ, ಬರುತ್ತವೆ, ಹೋಗುತ್ತವೆ. ಕ್ಯಾಟಲಿಸ್ಟ್‌ನ ಒಂದೊಂದು ಗುರುತು ಉಳಿಯುವುದು 3 ಸೆಕೆಂಡು. ಹಾರ್ನ್‌ನ ಮೇಜರ್ ಫೋರ್ಸ್ ಹೋರಾಟದ ಅರ್ಧ ಕಾಲ ಮಾತ್ರ ಇತ್ತು ಎಂದಿಟ್ಟುಕೊಳ್ಳಿ. 20ರ ಅರ್ಧ 10, ಆದ್ದರಿಂದ 115ರಲ್ಲಿರುವವರ ಸರಾಸರಿ 125 ಎಂದು ಬಹಳ ಜನ ಲೆಕ್ಕ ಹಾಕುತ್ತಾರೆ. ನಿಜವಾಗಿ ನಡೆಯುವುದು ಬೇರೆ. ಅರ್ಧ ಕಾಲ 115. ಇನ್ನರ್ಧ ಕಾಲ 135 ಆಗಬೇಕಿತ್ತು, ಬೇಲಿಗೆ ತಾಗಿ 125ಕ್ಕೆ ನಿಂತಿತು. ಸರಾಸರಿ 120. ಎಲ್ಲಿಂದಲೋ 5 ಸೋರಿತು. ಮಿತಿ ಇರುವ ಕಡೆ ಬಿಟ್ಟು ಬಿಟ್ಟು ಬರುವ ದೊಡ್ಡ ಬಫ್‌ಗಿಂತ ಸದಾ ಕೂತಿರುವ ಸಣ್ಣ ಡಿಬಫ್ ಹೆಚ್ಚು ಬಾಳುತ್ತದೆ. ಹಾಗಾಗಿ ಅನುಭವಿ ತಂಡದ ನಾಯಕರು ಹೋರಾಟ ಮುಗಿದ ಮೇಲೆ ದಾಖಲೆ ತೆರೆದು ಮೊದಲು ನೋಡುವುದು ಬ್ರಿಟಲ್ ಶೇಕಡಾ ಎಷ್ಟು ಹೊತ್ತು ಇತ್ತು ಎಂಬುದನ್ನು. ಯಾರು ಎಷ್ಟು ಹೊಡೆದರು ಎಂಬುದು ಆಮೇಲೆ.

ಆರ್ಮರ್ ಭೇದಿಸುವ ಪೆನೆಟ್ರೇಷನ್‌ಗೂ ಇದೇ ಕಥೆ, ಬೇಗ ಹೇಳಿಬಿಡುತ್ತೇನೆ. ಟ್ರಯಲ್ ಬಾಸ್‌ನ ಪ್ರತಿರೋಧ 18,200. ತಂಡ ಅದನ್ನು ತಗ್ಗಿಸುವುದು ಇವುಗಳಿಂದ: ಮೇಜರ್ ಬ್ರೀಚ್ 5,948, ಮೈನರ್ ಬ್ರೀಚ್ 2,974, ಇನ್‌ಫ್ಯೂಸ್ಡ್ ಆಯುಧದ ಮೇಲಿನ ಕ್ರಷರ್ 2,108, ಅಲ್ಕೋಶ್ ಸೆಟ್ ಹೆಚ್ಚೆಂದರೆ 6,000. ಒಟ್ಟು 17,030 ಬಾಸ್‌ನ ಮೈಯಿಂದಲೇ ಕಳೆದುಹೋಯಿತು. ನೀವು ತರಬೇಕಾದದ್ದು 1,170. ಲೈಟ್ ಆರ್ಮರ್ ತುಂಡಿಗೆ 939ರಂತೆ ಎರಡು ತುಂಡು ತೊಡುವಷ್ಟರಲ್ಲಿ ಮುಗಿಯಿತು. ಆದರೂ ಪೆನೆಟ್ರೇಷನ್ ಕೊಡುವ ಲವರ್ ಕಲ್ಲು ಮುಟ್ಟಿಕೊಂಡು 2,744 ಹೊತ್ತು ತರುವವರಿದ್ದಾರೆ!

ಈಗ ಒಂದು ಹಳೆಯ ಆಟಕ್ಕೆ ಹೋಗೋಣ. 2004ರ ನವೆಂಬರ್‌ನಲ್ಲಿ ಬಂದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್. ಅಲ್ಲಿ ಬೇಲಿ ಇದ್ದದ್ದು ಡಿಬಫ್‌ಗಳ ಸಂಖ್ಯೆಗೆ. ನಲವತ್ತು ಜನ ಸೇರಿ ಒಂದು ಬಾಸ್‌ಗೆ ಹೊಡೆಯುತ್ತಿದ್ದರು, ಆದರೆ ಬಾಸ್‌ನ ಮೈಮೇಲೆ ಆರಂಭದಲ್ಲಿ 8 ಡಿಬಫ್‌ಗಳಿಗೆ ಮಾತ್ರ ಜಾಗ. 2005ರ 1.7 ಪ್ಯಾಚ್‌ನಲ್ಲಿ ಅದು 16 ಆಯಿತು. 2019ರಲ್ಲಿ ಕ್ಲಾಸಿಕ್ ಎಂದು ಅದೇ ಆಟವನ್ನು ಮತ್ತೆ ತಂದಾಗಲೂ 16ನ್ನೇ ಉಳಿಸಿಕೊಂಡರು. ವಾರಿಯರ್‌ನ ಸಂಡರ್, ಡ್ರೂಯಿಡ್‌ನ ಫೇರಿ ಫೈರ್, ವಾರ್ಲಾಕ್‌ನ ಶಾಪಗಳು, ಹಂಟರ್‌ನ ಗುರುತು, ಇವಿಷ್ಟಕ್ಕೇ ಸಾಕಷ್ಟು ಜಾಗ ಮುಗಿಯುತ್ತಿತ್ತು. ವಾರಿಯರ್ ಕ್ರಿಟ್ ಹೊಡೆದಾಗ ತಾನಾಗಿ ಬೀಳುವ ಡೀಪ್ ವೂಂಡ್ಸ್ ರಕ್ತಸ್ರಾವವೂ ಒಂದು ಜಾಗ ಕೇಳುತ್ತಿತ್ತು, ಅಷ್ಟರ ಮಟ್ಟಿಗೆ ಬೇರೆಯವರ ಡಿಬಫ್‌ಗೆ ಜಾಗ ಕಡಿಮೆ. ತನ್ನ ಪಾಡಿಗೆ ತಾನು ಚೆನ್ನಾಗಿ ಹೊಡೆದದ್ದಕ್ಕೇ ಬೈಸಿಕೊಳ್ಳುವ ಯೋಗ ಬೇರೆ ಯಾವ ಆಟದಲ್ಲಿದೆಯೋ ನನಗೆ ಗೊತ್ತಿಲ್ಲ.

ಕ್ರಿಟ್ ಮತ್ತು ಡಿಬಫ್ ಹೆಣೆದುಕೊಂಡದ್ದರಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಅಲ್ಲಿನ ಇಗ್ನೈಟ್. ಮೇಜ್, ಅಂದರೆ ಮಾಂತ್ರಿಕರು, ಒಬ್ಬರು ಬೆಂಕಿಯ ಮಂತ್ರದಿಂದ ಕ್ರಿಟ್ ಹೊಡೆದರೆ ಆ ಹೊಡೆತದ ಶೇ 40ರಷ್ಟು ಬಾಸ್‌ನ ಮೈಮೇಲೆ 4 ಸೆಕೆಂಡು ಉರಿಯುತ್ತದೆ. ಆ ಉರಿ ಎಲ್ಲ ಮೇಜ್‌ಗಳಿಗೂ ಸೇರಿ ಒಂದೇ, 16ರಲ್ಲಿ ಒಂದೇ ಜಾಗ. ಉರಿ ಆರುವ ಮೊದಲು ಇನ್ನಾರಾದರೂ ಕ್ರಿಟ್ ಹೊಡೆದರೆ ಅವರ ಪಾಲೂ ಅದಕ್ಕೇ ಸೇರುತ್ತದೆ, ಹೀಗೆ 5 ಪದರದವರೆಗೆ. ಆರನೆಯ ಕ್ರಿಟ್ ಗಾತ್ರವನ್ನು ಬೆಳೆಸುವುದಿಲ್ಲ, ಆಯುಷ್ಯವನ್ನು ಮಾತ್ರ ನವೀಕರಿಸುತ್ತದೆ. ಅಂದರೆ ಮೊದಲ ಐದು ಕ್ರಿಟ್‌ಗಳು ಎಂಥವು ಎಂಬುದರ ಮೇಲೆ ಮುಂದಿನ ಇಡೀ ಹೋರಾಟ ನಿಂತಿದೆ. ಐದೂ ದೊಡ್ಡ ಫೈರ್‌ಬಾಲ್‌ಗಳಾದರೆ ಬಾಸ್ ದಗದಗ ಉರಿಯುತ್ತದೆ. ಐದೂ ಸಣ್ಣ ಸ್ಕಾರ್ಚ್‌ಗಳಾದರೆ ಅದೇ ಬಡಕಲು ಉರಿಯನ್ನು ಎಲ್ಲರೂ ಸೇರಿ ಸಾಕಬೇಕು. ತಮಾಷೆಯೆಂದರೆ, ಬೆಂಕಿಯ ಡ್ಯಾಮೇಜನ್ನು ಶೇ 15 ಹೆಚ್ಚಿಸುವ ಇನ್ನೊಂದು ಡಿಬಫ್ ಕೂರಿಸಲು ಮೊದಲು ಹೊಡೆಯಬೇಕಾದದ್ದೂ ಅದೇ ಸ್ಕಾರ್ಚ್ ಅನ್ನು! ಜೊತೆಗೆ, ಇಗ್ನೈಟನ್ನು ಮೊದಲು ಹಚ್ಚಿದವರ ಖಾತೆಗೇ ಎಲ್ಲರ ಉರಿಯೂ ಜಮಾ. ಬಾಸ್‌ನ ಸಿಟ್ಟೂ ಅವರ ಮೇಲೆಯೇ. ಬೇರೆಯವರ ಕ್ರಿಟ್‌ಗಳಿಂದಾಗಿ ಸತ್ತ ಮೇಜ್‌ಗಳು ಎಷ್ಟೋ.

ಅದೇ ಆಟದ ಆರ್ಮರ್ ಲೆಕ್ಕವನ್ನೂ ಕೇಳಿ. ಬಹಳಷ್ಟು ರೇಡ್ ಬಾಸ್‌ಗಳ ಆರ್ಮರ್ 3,731. ಅದರಿಂದ ಡಿಬಫ್‌ಗಳು ಕಳೆಯುವುದು: ಐದು ಪದರ ಸಂಡರ್‌ಗೆ 2,250, ಫೇರಿ ಫೈರ್‌ಗೆ 505, ವಾರ್ಲಾಕ್‌ನ ಕರ್ಸ್ ಆಫ್ ರೆಕ್‌ಲೆಸ್‌ನೆಸ್ ಶಾಪಕ್ಕೆ 640, ಒಟ್ಟು 3,395. ಉಳಿದದ್ದು 336. ಅದನ್ನು ಕಳೆಯಲು ಅನೈಹಿಲೇಟರ್ ಎಂಬ ಕೊಡಲಿ ಹಿಡಿದರೆ ಮೂರು ಪದರಕ್ಕೆ 600, ಅದರಲ್ಲಿ 264 ವ್ಯರ್ಥ, ಮೇಲಾಗಿ 16ರಲ್ಲಿ ಒಂದು ಜಾಗ ಖರ್ಚು. ಕೊಡಲಿ ಬೇಕೇ ಬೇಡವೇ ಎಂಬುದು ಆ ಜಾಗದಲ್ಲಿ ಇನ್ಯಾವುದು ಕೂರುತ್ತಿತ್ತು ಎಂಬುದರ ಮೇಲೆ ನಿಂತಿದೆ. ಒಂದು ಕಡೆ ಫಲಕ್ಕೆ ಬೇಲಿ, ಇನ್ನೊಂದು ಕಡೆ ಜಾಗಕ್ಕೆ ಬೇಲಿ. ಎರಡರಲ್ಲೂ ಹೋರಾಟದ ನಿಜವಾದ ಆಯವ್ಯಯ ಬರೆದಿರುವುದು ಬಾಸ್‌ನ ಮೈಮೇಲೆ.

ಈಗ ನನ್ನ ತಕರಾರಿಗೆ ಬರುತ್ತೇನೆ. ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್‌ನ ಶೀಟ್ ನಿಮ್ಮ 113ನ್ನು ತೋರಿಸುತ್ತದೆ, ಬಾಸ್‌ನ ಮೈಮೇಲಿನ ಬ್ರಿಟಲ್, ಕ್ಯಾಟಲಿಸ್ಟ್ ಸೇರಿದ 25ನ್ನು ತೋರಿಸುವುದಿಲ್ಲ. ಬೇಲಿ ಹಾಕಿದವರು ಬೇಲಿಯ ಈಚೆ ಎಷ್ಟು ಬಿತ್ತು, ಆಚೆ ಎಷ್ಟು ಬಿತ್ತು ಎಂದು ಒಂದು ಸಾಲಿನಲ್ಲಿ ತೋರಿಸಿದ್ದರೆ ಈ ಉಪನ್ಯಾಸವೇ ಬೇಕಾಗುತ್ತಿರಲಿಲ್ಲ. 2025ರಲ್ಲಿ ಸಬ್‌ಕ್ಲಾಸಿಂಗ್ ಬಂದು, ಬೇರೆ ವರ್ಗದ ಕೌಶಲಗಳನ್ನೂ ಎರವಲು ಪಡೆಯಬಹುದು ಎಂದಾದ ಮೇಲೆ ಕ್ರಿಟ್ ಡ್ಯಾಮೇಜ್ ಒಟ್ಟುಮಾಡುವುದು ಇನ್ನೂ ಸುಲಭವಾಗಿದೆ, ಕೋಡಿಯೂ ಇನ್ನೂ ಬೇಗ ಬೀಳುತ್ತದೆ.

ಎರಡನೆಯ ತಕರಾರು ಖಜೀಟ್‌ಗಳ ಪರವಾಗಿ. ಆ ಕುಲದ ಹೆಮ್ಮೆಯೇ 12ರ ಕ್ರಿಟ್ ಡ್ಯಾಮೇಜ್. ಡಿಬಫ್‌ಗಳನ್ನು ಅಚ್ಚುಕಟ್ಟಾಗಿ ಹಾಕುವ ತಂಡದಲ್ಲಿ ಬೇಲಿ ಹೇಗೂ ತುಂಬುತ್ತದೆ. ಡಾರ್ಕ್ ಎಲ್ಫ್ ಆದವರು ಶ್ಯಾಡೋ ಕಲ್ಲಿನಿಂದ ತುಂಬಿಸಿಕೊಳ್ಳುತ್ತಾರೆ, ಖಜೀಟ್ ಹುಟ್ಟಿನಿಂದಲೇ ತುಂಬಿಕೊಂಡು ಕಲ್ಲನ್ನು ಬೇರೆಯದಕ್ಕೆ ಬಳಸುತ್ತಾರೆ, ಅಷ್ಟೇ ವ್ಯತ್ಯಾಸ. ಬ್ರಿಟಲ್ ಗಿಟಲ್ ಏನೂ ಇಲ್ಲದ ನಾಲ್ಕು ಜನರ ಡಂಜನ್‌ನಲ್ಲಿ, ಅಥವಾ ಒಬ್ಬರೇ ಹೋಗಬೇಕಾದ ಮೇಲ್‌ಸ್ಟ್ರಾಮ್ ಅರೇನಾದಲ್ಲಿ ಅದೇ 12 ಪೂರ್ತಿಯಾಗಿ ಕೈಗೆ ಸಿಗುತ್ತದೆ. ಒಳ್ಳೆಯ ತಂಡ ಸಿಕ್ಕಷ್ಟೂ ಈ ಕುಲದ ವಿಶೇಷ ಮಂಕಾಗುತ್ತದೆ.

ಕೊನೆಯದಾಗಿ, ಮನೆಗೆ ಹೋಗಿ ಪರೀಕ್ಷಿಸಬೇಕೆನ್ನುವವರಿಗೆ. ಮನೆಯಂಗಳದಲ್ಲಿ ನಿಲ್ಲಿಸಿ ಹೊಡೆಯುವ ಬೊಂಬೆಗಳಲ್ಲಿ ಎರಡು ಬಗೆ. 2.1 ಕೋಟಿ ಆರೋಗ್ಯದ ಟ್ರಯಲ್ ಬೊಂಬೆ ತಂಡದ ಬಫ್, ಡಿಬಫ್‌ಗಳನ್ನು ತಾನೇ ಹೊತ್ತುಕೊಂಡು ನಿಂತಿರುತ್ತದೆ. ಚಿಕ್ಕ ಬೊಂಬೆಗಳ ಮೇಲೆ ನೀವು ಹಾಕಿದ್ದು ಮಾತ್ರ. ಶ್ಯಾಡೋ ಕಲ್ಲಿನೊಂದಿಗೆ ಒಮ್ಮೆ, ಥೀಫ್ ಕಲ್ಲಿನೊಂದಿಗೆ ಒಮ್ಮೆ, ಎರಡೂ ಬೊಂಬೆಗಳಿಗೆ ಹೊಡೆದು ನೋಡಿ. ಯಾವ ಕಲ್ಲು ಮೇಲು ಎಂಬ ಉತ್ತರ ಬೊಂಬೆಯಿಂದ ಬೊಂಬೆಗೆ ಬದಲಾದರೆ ಆಟದ ಆರ್ಮರಿಯಲ್ಲಿ ಎರಡು ಬಿಲ್ಡ್‌ಗಳನ್ನು, ಅಂದರೆ ಸಿದ್ಧ ಜೋಡಣೆಗಳನ್ನು, ಉಳಿಸಿಟ್ಟುಕೊಳ್ಳಿ, ಒಂದು ತಂಡಕ್ಕೆ, ಒಂದು ಒಂಟಿ ಓಡಾಟಕ್ಕೆ. ಟ್ರಯಲ್‌ಗೆ ಹೊರಡುವ ಮುನ್ನ ಐಸ್ ಸ್ಟಾಫ್ ಯಾರ ಕೈಯಲ್ಲಿದೆ ಎಂದು ಕೇಳಿಕೊಂಡು ಯಾವುದನ್ನು ತೊಡಬೇಕೆಂದು ನಿರ್ಧರಿಸಿ.

ಪ್ರಶ್ನೆಗಳಿದ್ದರೆ ಈಗ ಕೇಳಬಹುದು.